ಷಡ್ಡಕನ ಆಂಟೆನಾ

ಕಾರಿನ ನೆತ್ತಿಯ ಮೇಲೆ ಒದ್ದೆ ಬಟ್ಟೆ ಎಳೆಯುತ್ತ ಬಂದ ಅವನ ಕೈ, ಮುಂದಿನ ಗಾಜಿನ ಹತ್ತಿರ ತಾನಾಗಿಯೇ ಮೇಲೆದ್ದು, ಅಲ್ಲಿರಬೇಕಾದ ಉದ್ದನೆಯ ಕಡ್ಡಿಯನ್ನು ಬುಡದಿಂದ ತುದಿಯವರೆಗೆ ಒರೆಸಲು ಹೋಗಿ ಬರೀ ಗಾಳಿಯನ್ನು ಹಿಡಿಯಿತು. ಪ್ರತಿ ಶನಿವಾರ ಬೆಳಿಗ್ಗೆ ಮಾಡುವ ಕೆಲಸ. ಅದಕ್ಕೆ ಕಣ್ಣು ಬೇಕಿರಲಿಲ್ಲ. ಇನ್ನೂ ಒಂದು ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟಾಗ ನೆಲವೇ ಸಿಕ್ಕಿ ಎದೆ ಧಸಕ್ಕೆನ್ನುತ್ತದಲ್ಲ, ಹಾಗಾಯಿತು. ತಲೆಯೆತ್ತಿ ನೋಡಿದ. ಕಂಪನಿಯವರೇ ಕೂರಿಸಿ ಕಳಿಸಿದ್ದ ತೆಳ್ಳನೆಯ ಆಂಟೆನಾ, ವೇಗ ಹೆಚ್ಚಿದಾಗ ಹಿಂದಕ್ಕೆ ಬಾಗಿ ನಿಂತಾಗ ನೆಟ್ಟಗಾಗುತ್ತಿದ್ದದ್ದು, ಇರಲಿಲ್ಲ. ಅದರ ಜಾಗದಲ್ಲಿ ಹೆಬ್ಬೆರಳಿಗಿಂತ ತುಸು ಉದ್ದದ, ಕಪ್ಪು ರಬ್ಬರಿನ ಗಿಡ್ಡದೊಂದು ಕೂತಿತ್ತು. ಕಳ್ಳತನವಾಗಿದ್ದರೆ ಖಾಲಿ ತೂತು ಇರುತ್ತಿತ್ತು. ಕದ್ದವರು ತಮ್ಮದೊಂದನ್ನು ಇಟ್ಟು ಹೋಗುವುದಿಲ್ಲ. ಯಾರೋ ಅವನ ಕಾರಿನ ಮೇಲೆ ಕೈಯಿಟ್ಟು, ಇದ್ದದ್ದನ್ನು ತಿರುಗಿಸಿ ತೆಗೆದು, ತಮ್ಮದನ್ನು ತಿರುಗಿಸಿ ಕೂರಿಸಿದ್ದರು. ಬಟ್ಟೆಯಿಂದ ನೀರು ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಆ ಗಿಡ್ಡವನ್ನು ಎಲ್ಲೋ ನೋಡಿದ ನೆನಪು. ಎಲ್ಲಿ ಎಂದು ಗೊತ್ತಿದ್ದೂ ಗೊತ್ತಿಲ್ಲದವನಂತೆ ಒಂದು ಗಳಿಗೆ ನಿಂತು, ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಒಳಗೆ ಹೋದ.

ಹೆಂಡತಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಶೂ ಲೇಸು ಕಟ್ಟುತ್ತಿದ್ದಳು.

"ಆಂಟೆನಾ ಏನಾಯ್ತು?"

"ಯಾವ ಆಂಟೆನಾ? ಓ, ಅದಾ! ತಂಗಿ ಗಂಡ ಹಾಕಿಕೊಟ್ರು. ನಿಮಗೆ ಹೇಳೋಕೇ ಮರ್ತುಹೋಯ್ತು ನೋಡಿ."

"ಯಾವಾಗ?"

"ಬುಧವಾರವೋ, ಗುರುವಾರವೋ. ಅವಳನ್ನ ಅವರ ಟೈಲ್ಸ್ ಶೋರೂಮಿಗೆ ಬಿಡೋಕೆ ಹೋಗಿದ್ನಲ್ಲ ಅವತ್ತು. ಅವರ ಹಳೇ ಕಾರಿಂದಂತೆ, ಮಾರೋವಾಗ ತೆಗೆದಿಟ್ಕೊಂಡಿದ್ರಂತೆ. ನಿಮ್ಮದು ಡಿಕ್ಕಿಯಲ್ಲಿದೆ."

"ಅದು ಬೇರೆ ಮಾಡೆಲ್ಲಿಂದು. ನಮ್ಮ ಕಾರಿಗೆ ಆಗಲ್ಲ."

"ಆಯ್ತಲ್ಲ," ಎಂದಳು ಅವಳು, ತಲೆಯೆತ್ತದೆ. "ಗೊರಗೊರ ಅನ್ನೋದು ನಿಂತೇ ಹೋಗಿದೆ. ನೀರಿನ ಹಾಗೆ ಕೇಳಿಸುತ್ತೆ ಈಗ."

ನಿಮ್ಮದು ಎಂದಳು. ನಿನ್ನೆ ಮೊನ್ನೆಯವರೆಗೆ ಅದು ಕಾರಿನದಾಗಿತ್ತು, ಹೆಚ್ಚೆಂದರೆ ನಮ್ಮದಾಗಿತ್ತು. ಡಿಕ್ಕಿಗೆ ಹೋದ ಮೇಲೆ ಅವನದಾಯಿತು. ಇನ್ನೊಂದು ಮಾತನ್ನೂ ಅವನು ಹಿಡಿದುಕೊಂಡ: ಮರೆತೆ ಎಂದಳಲ್ಲ. ಮುಚ್ಚಿಟ್ಟಿದ್ದರೆ ಅದಕ್ಕೊಂದು ಹೆಸರಿಟ್ಟು ಜಗಳವಾಡಬಹುದಿತ್ತು. ಮರೆತುಹೋಗುವಷ್ಟು ಸಲೀಸಾಗಿ ನಡೆದುಹೋದ ಸಂಗತಿಯ ಜೊತೆ ಜಗಳ ಹೇಗೆ ಆಡುವುದು? ಬುಧವಾರದಿಂದ ಎಷ್ಟು ಸಲ ಅವನು ಆ ಕಾರಿನ ಪಕ್ಕದಲ್ಲಿ ನಡೆದು ಗೇಟು ದಾಟಿ ಬಸ್ಸು ಹಿಡಿಯಲು ಹೋಗಿಲ್ಲ! ಒಂದು ದಿನವೂ ಕಣ್ಣೆತ್ತಿ ನೋಡಿರಲಿಲ್ಲ. ವಾರದ ದಿನಗಳಲ್ಲಿ ಕಾರು ಅವಳದು. ಅವಳ ಕೆಲಸ ಊರಿನ ಆ ತುದಿಯ ಆಸ್ಪತ್ರೆಯಲ್ಲಿ, ಕಿವಿ ಪರೀಕ್ಷೆ ಮಾಡುವ ವಿಭಾಗದಲ್ಲಿ. ಗೋಡೆಗೆಲ್ಲ ದಪ್ಪ ಸ್ಪಂಜು ಬಡಿದ, ಹೊರಗಿನ ಸದ್ದು ಎಳ್ಳಷ್ಟೂ ಬಾರದ ಕೋಣೆಯೊಂದರ ಗಾಜಿನಾಚೆ ಕೂತು, ಒಳಗಿನವರಿಗೆ ಸಣ್ಣ ಸಣ್ಣ ಪೀಪ್‌ಗಳನ್ನು ಕಳಿಸಿ, ಅವರು ಬೆರಳೆತ್ತುವುದನ್ನು ಕಾಯುವ ಕೆಲಸ. ಇಡೀ ದಿನ ಬೇರೆಯವರ ಕಿವಿಯ ಅಂಚಿನಲ್ಲಿ ಕೂತಿದ್ದು ಸಂಜೆ ಕಾರು ಹತ್ತಿದರೆ ಅವಳಿಗೆ ಹಾಡು ಬೇಕು. ಪೀಪ್ ಅಲ್ಲದ್ದು ಏನಾದರೂ ಸರಿ ಎನ್ನುತ್ತಿದ್ದಳು.

ಆ ಗೊರಗೊರವನ್ನು ಅವಳು ಮೊದಲು ಹೇಳಿದ್ದು ಅವನಿಗೇ. ಎರಡು ವರ್ಷದ ಹಿಂದೆ, ಊಟದ ಮೇಜಿನ ಮುಂದೆ. ಅವನಿಗೆ ಎಂಥ ಖುಷಿಯಾಗಿತ್ತು! ವಿದ್ಯುತ್ ಬಿಲ್ಲಿನ ಹಿಂಬದಿಯಲ್ಲಿ ಗೋಪುರ ಬರೆದ, ಎತ್ತರದ ಕಟ್ಟಡ ಬರೆದ, ಕೆಳಗೆ ಪುಟ್ಟ ಕಾರು ಬರೆದು ಅದಕ್ಕೊಂದು ಕಡ್ಡಿ ಇಟ್ಟ. ಅಲೆ ನೇರವಾಗಿಯೂ ಬರುತ್ತದೆ, ಕಟ್ಟಡಕ್ಕೆ ಬಡಿದು ಕೊಂಚ ತಡವಾಗಿಯೂ ಬರುತ್ತದೆ, ಎರಡೂ ಒಂದನ್ನೊಂದು ತಿನ್ನುತ್ತವೆ. ಅವಳು ಕೆನ್ನೆಗೆ ಕೈಯಿಟ್ಟು ಕೇಳಿದಳು. "ಅಂದ್ರೆ ಏನೂ ಮಾಡೋಕಾಗಲ್ಲ ಅಂತ ತಾನೆ?" "ಹಾಗಲ್ಲ. ಯಾಕೆ ಹೀಗಾಗ್ತಿದೆ ಅಂತ ಗೊತ್ತಾದ್ರೆ ಆಮೇಲೆ ಅಷ್ಟು ಕಿರಿಕಿರಿ ಆಗಲ್ಲ." ಅವಳು ನಕ್ಕಿದ್ದಳೋ ಇಲ್ಲವೋ ನೆನಪಿಲ್ಲ. ಮತ್ತೆರಡು ಸಲ ಕೇಳಿದಳು. ಒಮ್ಮೆ ಮಳೆಗಾಲದಲ್ಲಿ, ಒಮ್ಮೆ ಸರ್ವಿಸಿಗೆ ಬಿಡುವ ಹೊತ್ತಿನಲ್ಲಿ. ಎರಡು ಸಲವೂ ಅವನು ಹೊಸದಾಗಿ ವಿವರಿಸಿದ. ಆಮೇಲೆ ಕೇಳಲಿಲ್ಲ. ಅರ್ಥವಾಗಿದೆ, ಅದಕ್ಕೇ ಸುಮ್ಮನಾಗಿದ್ದಾಳೆ ಎಂದುಕೊಂಡಿದ್ದ. ಅಷ್ಟೇ ಅಲ್ಲ, ತನ್ನ ಹೆಂಡತಿ ಗೊರಗೊರದ ಕಾರಣ ತಿಳಿದುಕೊಂಡು ಸಹಿಸುವ ಹೆಂಗಸು ಎಂದು ಒಳಗೊಳಗೇ ಹೆಮ್ಮೆಪಟ್ಟಿದ್ದ.

ಅಂದು ಡಿಕ್ಕಿಯಿಂದ ಹಳೆಯ ಕಡ್ಡಿಯನ್ನು ತೆಗೆದುಕೊಂಡೇ ಕೆಲಸಕ್ಕೆ ಹೋದ. ಅದನ್ನು ನೀಟಾಗಿ ದಿನಪತ್ರಿಕೆಯಲ್ಲಿ ಸುತ್ತಿ, ಎರಡು ಕಡೆ ರಬ್ಬರ್ ಬ್ಯಾಂಡು ಹಾಕಿಡಲಾಗಿತ್ತು. ಬಿಸಾಡಿದ್ದರೆ ಅಸಡ್ಡೆ ಎನ್ನಬಹುದಿತ್ತು. ಷಡ್ಡಕ ಅದಕ್ಕೂ ಅವಕಾಶ ಕೊಟ್ಟಿರಲಿಲ್ಲ. ಬಸ್ಸಿನಲ್ಲಿ ಅದನ್ನು ಎಲ್ಲಿ ಹಿಡಿದರೂ ಯಾರಿಗೋ ಚುಚ್ಚುತ್ತಿತ್ತು. ಪ್ರಯೋಗಾಲಯದ ಬಾಗಿಲಲ್ಲೇ ಉಗ್ರಾಣದ ಹೆಂಗಸು, ಎಲ್ಲರೂ ಅಕ್ಕ ಎಂದು ಕರೆಯುವವಳು, ಹಿಡಿದು ನಿಲ್ಲಿಸಿದಳು.

"ಏನ್ ಸಾರ್, ಬೆಳಬೆಳಿಗ್ಗೆ ಬೆತ್ತ ಹಿಡ್ಕೊಂಡು ಬಂದಿದ್ದೀರಿ! ಯಾರಿಗೆ ಕಾದಿದೆ ಇವತ್ತು?"

"ಕಾರಿಂದು ಅಕ್ಕ. ಸ್ವಲ್ಪ ನೋಡಬೇಕಿತ್ತು."

"ನೋಡಿ, ನೋಡಿ. ನಿಮ್ಮ ಕೈಗೆ ಸಿಕ್ಕಿದ್ದು ಯಾವುದು ತಾನೇ ಪಾಸಾಗುತ್ತೆ!"

ಅವನ ಕೆಲಸವೇ ಅದು. ಕಾರ್ಖಾನೆಗಳಿಂದ, ಆಸ್ಪತ್ರೆಗಳಿಂದ ಬರುವ ಗೇಜುಗಳನ್ನು, ಥರ್ಮಾಮೀಟರುಗಳನ್ನು ಒಂದು ಮೂಲಮಾಪಕದ ಪಕ್ಕದಲ್ಲಿಟ್ಟು ಹೋಲಿಸುವುದು. ಎಷ್ಟು ಹೆಚ್ಚು ತೋರಿಸುತ್ತದೆ, ಎಷ್ಟು ಕಡಿಮೆ ತೋರಿಸುತ್ತದೆ ಎಂದು ಕಂಡುಹಿಡಿದು, ಸರಿಯಿದ್ದರೆ ಹಸಿರು ಚೀಟಿ ಅಂಟಿಸುವುದು. ಮೂಲಮಾಪಕವನ್ನು ಮಾತ್ರ ಯಾರೂ ಅನುಮಾನದಿಂದ ನೋಡುವುದಿಲ್ಲ. ಅದು ಗಾಜಿನ ಪೆಟ್ಟಿಗೆಯಲ್ಲಿರುತ್ತದೆ. ಕಡ್ಡಿಯನ್ನು ಮೇಜಿನ ಮೇಲೆ ಮಲಗಿಸಿ ಮೀಟರಿನ ಒಂದು ಮೊನೆಯನ್ನು ಬುಡಕ್ಕೆ, ಇನ್ನೊಂದನ್ನು ತುದಿಗೆ ಮುಟ್ಟಿಸಿದ. ಒಳಗಿನ ತಂತಿ ಇಡಿಯಾಗಿದ್ದರೆ ಮೀಟರು ಪೀಂ ಎನ್ನುತ್ತದೆ; ಕಾಟಾಚಾರಕ್ಕೆ ಮಾಡುವ ಪರೀಕ್ಷೆ. ಉದ್ದನೆಯದು ಗಿಡ್ಡಕ್ಕಿಂತ ಹೆಚ್ಚು ಹಿಡಿಯುತ್ತದೆ ಎನ್ನುವುದಕ್ಕೆ ಮೀಟರು ಯಾಕೆ ಬೇಕು, ಶಾಲೆಯ ಪುಸ್ತಕ ಸಾಕು. ಮೀಟರು ಉಲಿಯಲಿಲ್ಲ. ಮೊನೆಯನ್ನು ಒತ್ತಿ ಹಿಡಿದ. ಉಲಿಯಲಿಲ್ಲ. ಬುಡದ ಹತ್ತಿರ, ರಬ್ಬರಿನ ಹೊದಿಕೆಯ ಒಳಗೆ ಎಲ್ಲೋ ತಂತಿ ತುಂಡಾಗಿತ್ತು. ಬಾಗಿಸಿದಾಗ ಒಮ್ಮೆ ಪೀಂ ಎಂದು ಸುಮ್ಮನಾಯಿತು. ಎರಡು ವರ್ಷ ಅವರ ಕಾರು ನೆತ್ತಿಯ ಮೇಲೆ ಒಂದು ಸತ್ತ ಕಡ್ಡಿಯನ್ನು ಹೊತ್ತು ತಿರುಗಿತ್ತು. ಗೋಪುರವೂ ಇಲ್ಲ, ಕಟ್ಟಡವೂ ಇಲ್ಲ, ತಡವಾಗಿ ಬಂದ ಅಲೆಯೂ ಇಲ್ಲ. ಬದುಕೆಲ್ಲ ಬೇರೆಯವರ ಉಪಕರಣಗಳನ್ನು ಮುಟ್ಟಿ ನೋಡಿದವನು ತನ್ನದನ್ನು ಒಮ್ಮೆಯೂ ಮುಟ್ಟಿ ನೋಡದೆ ಚಿತ್ರ ಬರೆದಿದ್ದ. ಪಕ್ಕದ ಮೇಜಿನವರು ನೋಡುತ್ತಿದ್ದಾರೇನೋ ಎನಿಸಿ, ಕುಂಬಳಕಾಯಿ ಕಳ್ಳನ ಹಾಗೆ, ಕಡ್ಡಿಯನ್ನು ಬೀರುವಿನ ಹಿಂದಕ್ಕೆ ಸರಿಸಿಬಿಟ್ಟ.

ಹಾಗೆಂದು ಷಡ್ಡಕನಿಗೆ ಇದೆಲ್ಲ ಗೊತ್ತಿತ್ತೆಂದಲ್ಲ. ಅದೇ ಅವನನ್ನು ಹೆಚ್ಚು ಕುಕ್ಕಿದ್ದು. ಆ ಮನುಷ್ಯನಿಗೆ ಅಲೆಯೂ ಗೊತ್ತಿಲ್ಲ, ತಂತಿಯೂ ಗೊತ್ತಿಲ್ಲ, ಗೊತ್ತಿರುವುದು ಟೈಲ್ಸು. ನಾದಿನಿಯನ್ನು ಮದುವೆಯಾಗಿ ಬಂದವನು, ಬಂದ ವರ್ಷವೇ ಮಾವನ ಮನೆಯ ಬಚ್ಚಲಿಗೆ ಹೊಸ ನೆಲ ಹಾಸಿಸಿಕೊಟ್ಟು ಎಲ್ಲರನ್ನೂ ಗೆದ್ದವನು. ಆ ಬಚ್ಚಲಲ್ಲಿ ನೀರು ನಿಲ್ಲುತ್ತಿದ್ದಾಗ ಇಳಿಜಾರಿನ ಲೆಕ್ಕವನ್ನು ಮಾವನಿಗೆ ಮೊದಲು ಹೇಳಿದ್ದು ಇವನೇ. ಮಾವ ತಲೆದೂಗಿದ್ದರು. ಆಮೇಲೆ ಟೈಲ್ಸಿನವನು ಬಂದು, ಏನೂ ಹೇಳದೆ, ಹಳೆಯದನ್ನು ಒಡೆಸಿ ಹೊಸದು ಹಾಕಿಸಿದ. ಈಗ ನೀರು ಸರಾಗ ಹರಿಯುತ್ತದೆ. ಇಳಿಜಾರು ಇವನು ಹೇಳಿದಷ್ಟೇ ಇದೆಯೆಂದು ಯಾರಿಗೂ ಗೊತ್ತಿಲ್ಲ; ಇವನೊಬ್ಬನೇ ಒಮ್ಮೆ ಬಾಗಿಲು ಹಾಕಿಕೊಂಡು ಅಳೆದಿದ್ದ. ಮತ್ತೆ ಆ ಫೋಟೋಗಳು. ನಾಲ್ವರೂ ಕೆರೆಯ ದಂಡೆಗೆ ಹೋಗಿದ್ದಾಗ ತೆಗೆದವು ಹೆಂಡತಿಯ ಫೋನಿನಲ್ಲಿದ್ದವು. ಇವನು ತೆಗೆದ ಫೋಟೋಗಳಲ್ಲೆಲ್ಲ ಅವಳು ಉತ್ತರ ಬಾರದ ಪ್ರಶ್ನೆ ಕೇಳಿಸಿಕೊಂಡವಳಂತೆ ಕ್ಯಾಮೆರಾ ನೋಡುತ್ತಾಳೆ. ಬೆಳಕು ಸರಿಯಾಗಿದೆ, ದಿಗಂತ ಓರೆಯಾಗಿಲ್ಲ. ಷಡ್ಡಕ ತೆಗೆದವುಗಳಲ್ಲಿ ದಿಗಂತ ಜಾರುಬಂಡೆಯ ಹಾಗಿದೆ, ಒಂದರಲ್ಲಿ ಅವನ ಬೆರಳೇ ಬಂದಿದೆ. ಆದರೆ ಅವಳು ತಲೆ ಹಿಂದಕ್ಕೆ ಚೆಲ್ಲಿ, ಹಲ್ಲಿನ ಸಾಲಿನಾಚೆಯ ಕತ್ತಲೂ ಕಾಣುವಂತೆ ನಗುತ್ತಿದ್ದಾಳೆ. ಆ ಕತ್ತಲನ್ನು ಇವನು ಎಂದೂ ನೋಡಿರಲಿಲ್ಲ. ಸಂಶಯವೆಂದು ಅದಕ್ಕೆ ಹೆಸರಿಡಲು ಬರುವುದಿಲ್ಲ. ಆ ಮನುಷ್ಯ ಅವಳನ್ನು ಬಾಯ್ತುಂಬ ಅಕ್ಕ ಎನ್ನುತ್ತಾನೆ, ಎಲ್ಲರೆದುರೇ ನಗಿಸುತ್ತಾನೆ. ಸಂಶಯವಾದರೆ ಬಾಗಿಲ ಸಂದಿಯಲ್ಲಿ ನೋಡಬಹುದು, ಫೋನು ತೆಗೆದು ಹುಡುಕಬಹುದು. ಹುಡುಕಲು ಏನೂ ಇಲ್ಲದ ಕಡೆ ಉರಿಯುವ ಈ ಹೊಟ್ಟೆಕಿಚ್ಚಿಗೆ ಯಾವ ನೀರು ಸುರಿಯುವುದು?

ಸಂಜೆ ಹೆಂಡತಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಗ ಅವನು ಗೇಟಿನೊಳಗೆ ನಿಲ್ಲಿಸಿದ್ದ ಕಾರಿನ ಬಳಿ ಹೋದ. ಗಿಡ್ಡವನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದ. ಒಂದು ಸುತ್ತಿಗೇ ಸಡಿಲವಾಯಿತು, ಮೂರನೆಯದಕ್ಕೆ ಕೈಗೆ ಬಂತು. ಬೇರೆ ಮಾಡೆಲ್ಲಿನದು ಎಂದು ಬೆಳಿಗ್ಗೆ ಹೇಳಿದ್ದು ಸುಳ್ಳಾಗಿರಲಿಲ್ಲ. ಅದರ ತಿರುಪು ಈ ಕಾರಿನ ತೂತಿಗಿಂತ ಒಂದು ಅಳತೆ ಸಣ್ಣದು. ಅಲ್ಲಾಡದಿರಲೆಂದು ತಿರುಪಿನ ಸುತ್ತ ಏನನ್ನೋ ಸುತ್ತಿ ಒತ್ತಲಾಗಿತ್ತು. ಉಗುರಿನಿಂದ ಬಿಡಿಸಿದ. ಬಂಗಾರದ ಬಣ್ಣದ, ಲೋಹದ ತೆಳು ಕಾಗದ. ಚಾಕಲೇಟಿನದು. ಮೂಗಿಗೆ ಹಿಡಿದರೆ ಇನ್ನೂ ಒಣದ್ರಾಕ್ಷಿಯ ವಾಸನೆ. ಅವಳ ಕೈಚೀಲದ ಒಳಜೇಬಿನಲ್ಲಿ ಇರುವ ಚಾಕಲೇಟು ಅದು. ಸಕ್ಕರೆಯ ಬಗ್ಗೆ ಅವನು ಒಮ್ಮೆ ವಿವರವಾಗಿ ಮಾತಾಡಿದ ಮೇಲೆ ಮನೆಯಲ್ಲಿ ತಿನ್ನುವುದನ್ನು ಬಿಟ್ಟಿದ್ದಳು. ಬಿಟ್ಟಿದ್ದಾಳೆ ಎಂದುಕೊಂಡಿದ್ದ. ಅಲ್ಲಿ ಶೋರೂಮಿನ ಮುಂದೆ, ಬಿಸಿಲಿನಲ್ಲಿ, ಷಡ್ಡಕ ಅಕ್ಕಾ ಸಡಿಲ ಆಗ್ತಿದೆ ಎಂದಿರಬೇಕು. ಅವಳು ತಾಳಿ ತಾಳಿ ಎಂದು ಕೈಚೀಲ ತೆರೆದಿರಬೇಕು. ಕಾಗದ ಬೇಕಾದರೆ ಚಾಕಲೇಟನ್ನು ತಿನ್ನಲೇಬೇಕಲ್ಲ. ಮೂವರೂ ಮುರಿದು ತಿಂದಿರಬೇಕು, ಬೆರಳು ನೆಕ್ಕಿಕೊಂಡಿರಬೇಕು. ನಾದಿನಿಯೂ ಅಲ್ಲಿದ್ದಳೆಂದು ತನಗೆ ತಾನೇ ಹೇಳಿಕೊಂಡ. ಆದರೂ ಕಣ್ಣಿಗೆ ಕಟ್ಟಿದ ಚಿತ್ರದಿಂದ ನಾದಿನಿ ಮತ್ತೆ ಮತ್ತೆ ಜಾರಿಹೋಗುತ್ತಿದ್ದಳು.

ಮುಂದೆ ಆದದ್ದನ್ನು ಕೈ ಮಾಡಿತು. ಪ್ರಯೋಗಾಲಯದಲ್ಲಿ ಯಾವ ಗೇಜನ್ನು ಕೂರಿಸುವಾಗಲೂ ಅದರ ತಿರುಪಿಗೆ ಬಿಳಿಯ ಟೆಫ್ಲಾನ್ ಟೇಪು ಸುತ್ತುವುದು ಕ್ರಮ. ಗಾಳಿ ಸೋರಬಾರದು, ನೀರು ಸೋರಬಾರದು. ಟೇಪಿನ ಸುರುಳಿಯೊಂದು ಅವನ ಪ್ಯಾಂಟಿನ ಜೇಬಿನಲ್ಲಿ ಸದಾ ಇರುತ್ತಿತ್ತು, ಬೇರೆಯವರ ಜೇಬಿನಲ್ಲಿ ಬಾಚಣಿಗೆ ಇದ್ದ ಹಾಗೆ. ತಿರುಪನ್ನು ಎಡಗೈಯಲ್ಲಿ ಹಿಡಿದು, ಟೇಪಿನ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ, ಬಲಕ್ಕೆ ಸುತ್ತತೊಡಗಿದ. ಸುತ್ತು ಏರಿದಂತೆ ತಿರುಪು ದಪ್ಪವಾಯಿತು. ಎಷ್ಟು ನೀಟು! ಚಾಕಲೇಟು ಕಾಗದದಂಥ ಅಡ್ಡಾದಿಡ್ಡಿ ಕೆಲಸವಲ್ಲ. ಈಗ ಕೂರಿಸಿದರೆ ಒಂದಿಷ್ಟೂ ಅಲ್ಲಾಡುವುದಿಲ್ಲ, ಮಳೆನೀರು ಒಳಗಿಳಿಯುವುದಿಲ್ಲ. ಹೀಗೆಂದು ತಲೆಯ ಮುಂಭಾಗ ಹೇಳುತ್ತಿದ್ದಾಗ, ಹಿಂಭಾಗದಲ್ಲಿ ಇನ್ನೊಂದು ಶಾಂತವಾಗಿ ಕೂತು ನೋಡುತ್ತಿತ್ತು. ಟೆಫ್ಲಾನು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಲೋಹ ಲೋಹವನ್ನು ಮುಟ್ಟುವುದಿಲ್ಲ. ಗಿಡ್ಡ ಹಿಡಿದದ್ದು ಗಿಡ್ಡದಲ್ಲೇ ಉಳಿಯುತ್ತದೆ. ಇದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅವನು ಹೇಳಬಲ್ಲ. ತಿರುಗಿಸಿ ಕೂರಿಸಿದ. ಗಟ್ಟಿಯಾಗಿ, ನೆಟ್ಟಗೆ ಕೂತಿತು. ನಾಳೆ ಅವಳು ಮತ್ತೆ ಕೇಳುತ್ತಾಳೆ: ರೀ, ಇದೇನಾಯ್ತು ನೋಡಿ. ಈ ಸಲ ಅವನು ವಿವರಿಸುವುದಿಲ್ಲ. ಸರಿ ಮಾಡಿಕೊಡುತ್ತಾನೆ. ಆ ಒಂದು 'ನೋಡಿ'ಗಾಗಿ ಇಷ್ಟೆಲ್ಲ. ಬಂಗಾರದ ಕಾಗದವನ್ನು ಉಂಡೆ ಮಾಡಿ ಬೇಲಿಯಾಚೆ ಎಸೆದ.

ಭಾನುವಾರ ಮಾವನ ಮನೆಗೆ ಊಟಕ್ಕೆ ಹೋಗಬೇಕಿತ್ತು. ಅವನೇ ಓಡಿಸಿದ. ಮನೆಯ ತಿರುವು ದಾಟುತ್ತಲೇ ಅವಳು ರೇಡಿಯೋ ಹಾಕಿದಳು. ಹುಯ್ಯೆನ್ನುವ ಸದ್ದು, ಹುರಿಯುವ ಬಾಣಲೆಯಂಥದು, ಅದರ ತಳದಲ್ಲಿ ಎಲ್ಲೋ ಒಬ್ಬ ಮನುಷ್ಯ ಮಾತಾಡುತ್ತಿದ್ದಾನೆ ಎನ್ನುವಷ್ಟು ಮಾತ್ರ. ಅವಳು ಇನ್ನೊಂದು ಸ್ಟೇಷನ್ನಿಗೆ ತಿರುಗಿಸಿದಳು. ಅದೂ ಹಾಗೇ. ಮತ್ತೊಂದು. ಈಗ ಕೇಳುತ್ತಾಳೆ ಎಂದು ಅವನು ಕಾದ. ಮುಖವನ್ನು ಸಹಜವಾಗಿ ಇಟ್ಟುಕೊಳ್ಳಲು ಹೋಗಿ, ಸಹಜವಾಗಿದ್ದಾಗ ತನ್ನ ಮುಖ ಹೇಗಿರುತ್ತದೆಂಬುದೇ ಮರೆತುಹೋಯಿತು. ಅವಳು ಬೆರಳನ್ನು ಗುಂಡಿಯ ಮೇಲಿಟ್ಟು ಒಂದು ಕ್ಷಣ ಹಾಗೇ ಇದ್ದಳು. ಆಮೇಲೆ ಮೆಲ್ಲಗೆ, ನಿದ್ದೆ ಹೋದ ಮಗುವಿನ ಕೋಣೆಯ ದೀಪ ಆರಿಸುವಂತೆ, ರೇಡಿಯೋ ಆರಿಸಿ ಕಿಟಕಿಯಾಚೆ ನೋಡತೊಡಗಿದಳು. ಏನೂ ಕೇಳಲಿಲ್ಲ. ಎರಡು ಸಿಗ್ನಲ್ಲು ದಾಟಿದ ಮೇಲೆ ಅವನಿಗೇ ತಡೆಯಲಾಗಲಿಲ್ಲ.

"ಏನಾಯ್ತು ರೇಡಿಯೋಗೆ?"

"ಏನೋ ಗೊತ್ತಿಲ್ಲ."

"ನಿಲ್ಲಿಸಿ ನೋಡ್ಲಾ?"

"ಬೇಡ ಬಿಡಿ. ತಡ ಆಗುತ್ತೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಬಾಣ ತಾನೇ ಬಿಟ್ಟು, ಅದು ಎಲ್ಲಿ ನಾಟಿತೆಂದು ಕಾಣದೆ ಹುಲ್ಲಿನಲ್ಲಿ ಹುಡುಕುವವನಂತೆ ಅವನು ಕಾರು ಓಡಿಸಿದ.

ಷಡ್ಡಕ ಗೇಟಿಗೇ ಬಂದಿದ್ದ. ಬನಿಯನ್ನಿನ ಮೇಲೊಂದು ಟವೆಲು, ಕೈಯಲ್ಲಿ ನೀರಿನ ಪೈಪು; ಮಾವನ ಗಿಡಗಳಿಗೆ ನೀರು ಹಾಕುತ್ತಿದ್ದನಂತೆ. "ಬನ್ನಿ ಬನ್ನಿ ಭಾವ! ಹೇಗಿದ್ದಾನೆ ನಮ್ಮ ಗಿಡ್ಡಣ್ಣ?" ಎಂದವನೇ ಕಾರು ಪೂರ್ತಿ ನಿಲ್ಲುವ ಮೊದಲೇ ನೆತ್ತಿಗೆ ಕೈಹಾಕಿ ಆಂಟೆನಾವನ್ನು ಅಲ್ಲಾಡಿಸಿ ನೋಡಿದ. "ಅರೆ! ಗಟ್ಟಿ ಕೂತುಬಿಟ್ಟಿದ್ದಾನಲ್ಲ! ನಾನು ಹಾಕ್ದಾಗ ಹಾಲುಹಲ್ಲಿನ ಹಾಗೆ ಅಲ್ಲಾಡ್ತಿದ್ದ." ಹೆಂಡತಿ ಆ ಬದಿಯ ಬಾಗಿಲು ತೆಗೆದು ಇಳಿದಳು. ಮಾವ ಪಡಸಾಲೆಯ ಕುರ್ಚಿಯಿಂದಲೇ ಕೂಗಿದರು: "ನಮ್ಮ ಚಿಕ್ಕ ಅಳಿಯಂದ್ರ ಕೈಗುಣ ಕಣಪ್ಪಾ ಅದು! ಮುಟ್ಟಿದ್ರೆ ಸಾಕು, ರಿಪೇರಿ!" ನಾದಿನಿ ಒಳಗಿನಿಂದ, "ಅಪ್ಪಾ, ಹೊಗಳಿ ಅಟ್ಟಕ್ಕೇರಿಸ್ಬೇಡಿ, ನಮ್ಮನೇ ಗೀಸರು ಕೆಟ್ಟು ತಿಂಗಳಾಯ್ತು, ಅದನ್ನ ಮುಟ್ಟಕ್ಕೆ ಹೇಳಿ ಮೊದಲು" ಎಂದಳು. ಎಲ್ಲರೂ ನಕ್ಕರು. ಇವನೂ ಕಾರಿನಿಂದ ಇಳಿದು ತುಟಿ ಅಗಲಿಸಿದ. ಆಗ ನೋಡಿದ: ಗಿಡ್ಡದ ಬುಡದಿಂದ ಟೇಪಿನ ಬಿಳಿಯ ತುದಿಯೊಂದು, ಅಕ್ಕಿಕಾಳಿನಷ್ಟು, ಹೊರಗೆ ಇಣುಕುತ್ತಿತ್ತು. ಅದನ್ನು ಇವನು ನೋಡುತ್ತಿರುವುದನ್ನು ಹೆಂಡತಿ ನೋಡಿದಳು. ಆಮೇಲೆ ಆ ಬಿಳಿ ತುದಿಯನ್ನು ನೋಡಿದಳು. ಅವನ ಜೇಬಿನ ಟೇಪು ಅವಳಿಗೆ ಗೊತ್ತಿಲ್ಲದ್ದಲ್ಲ. ಅಡುಗೆಮನೆಯ ನಲ್ಲಿಗೆ ಅವನೇ ಅದನ್ನು ಸುತ್ತಿದ್ದ, ಪ್ರತಿ ವಾರ ಪ್ಯಾಂಟು ಒಗೆಯುವ ಮೊದಲು ಅವಳೇ ಅದನ್ನು ತೆಗೆದು ಮೇಜಿನ ಮೇಲಿಡುತ್ತಿದ್ದಳು.

"ಸರಿ, ಕೇಳಿಸಿ ಭಾವ ಒಂದ್ಸಲ," ಎಂದ ಷಡ್ಡಕ, ಪೈಪನ್ನು ಗಿಡದ ಬುಡಕ್ಕೆ ಬಿಟ್ಟು ಕೈ ಒರೆಸಿಕೊಳ್ಳುತ್ತ. "ಕೀ ಕೊಡಿ. ಮಾವನೂ ಕೇಳ್ಲಿ, ನನ್ನ ಕೈಗುಣ."

ಕೀ ಇವನ ಮುಷ್ಟಿಯಲ್ಲಿತ್ತು. ಕೈ ಚಾಚಿದರೆ ಮುಗಿಯಿತು. ಷಡ್ಡಕ ಒಳಗೆ ಕೂತು ಗುಂಡಿ ಒತ್ತುತ್ತಾನೆ, ಬಾಣಲೆ ಹುರಿಯುತ್ತದೆ, ಅರೆ ಎನ್ನುತ್ತಾನೆ, ಇಳಿದು ತಿರುಪು ಬಿಚ್ಚುತ್ತಾನೆ, ಬಿಳಿಯ ಟೇಪು ಎಲ್ಲರೆದುರು ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಆ ಇಡೀ ದೃಶ್ಯ ಅವನ ಕಣ್ಣೆದುರು ನಡೆದುಹೋಯಿತು. ಅಷ್ಟರಲ್ಲಿ ಅವಳು ಕಾರಿನ ಮೇಲೆ ಮೊಣಕೈಯೂರಿ, ಏನೋ ಕಸ ತೆಗೆಯುವವಳಂತೆ ಆ ಬಿಳಿ ತುದಿಯನ್ನು ಉಗುರಿನಿಂದ ಕಿತ್ತು, ಎರಡು ಬೆರಳ ನಡುವೆ ಉರುಳಿಸುತ್ತ ಹೇಳಿದಳು.

"ಚೆನ್ನಾಗಿದೆ. ದಾರಿಯುದ್ದಕ್ಕೂ ಕೇಳ್ಕೊಂಡೇ ಬಂದ್ವಿ. ಎಷ್ಟು ಹಳೇ ಹಾಡು ಹಾಕಿದ್ರು ಗೊತ್ತಾ ಇವತ್ತು! ಅಮ್ಮ ನಮಗೆ ತಲೆ ಬಾಚುವಾಗ ಹಾಡ್ತಿದ್ಳಲ್ಲ, ಅಂಥವು. ಅಲ್ವೇನ್ರೀ?"

"ಹೂಂ," ಎಂದ ಅವನು.

"ಹಂಗಾದ್ರೆ ಸರಿ," ಎಂದ ಷಡ್ಡಕ. "ನಡೀರಿ, ಎಲೆ ಹಾಕಿದ್ದಾರೆ, ಹೊಟ್ಟೆ ತಾಳ ಹಾಕ್ತಿದೆ."

ಊಟದುದ್ದಕ್ಕೂ ಅವನಿಗೆ ರುಚಿ ತಿಳಿಯಲಿಲ್ಲ. ಅವಳು ಎಂದಿನಂತೆ ತಂಗಿಯನ್ನು ರೇಗಿಸಿದಳು, ಅಪ್ಪನ ಎಲೆಯಿಂದ ಖಾರದ ಚೂರು ಹೆಕ್ಕಿ ತೆಗೆದಳು, ಷಡ್ಡಕ ಯಾರೋ ಗಿರಾಕಿ ಬಚ್ಚಲಿಗೆ ಹಾಕಬೇಕಾದ ಟೈಲ್ಸನ್ನು ದೇವರ ಕೋಣೆಗೆ ಹಾಕಿಸಿಕೊಂಡು ಈಗ ಕಾಲು ಜಾರುವುದಿಲ್ಲವೆಂದು ಖುಷಿಯಾಗಿರುವ ಕಥೆ ಹೇಳಿದಾಗ ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಮೊದಲಾಗಿದ್ದರೆ ಆ ನಗೆಗೆ ಅವನ ಕಣ್ಣು ಷಡ್ಡಕನ ಮುಖಕ್ಕೆ ಹೋಗುತ್ತಿತ್ತು. ಈಗ ಅವನು ಷಡ್ಡಕನನ್ನು ನೋಡುತ್ತಲೇ ಇರಲಿಲ್ಲ. ಹಾಡುಗಳನ್ನು ಹುಟ್ಟಿಸಿದಳಲ್ಲ, ಅಮ್ಮನನ್ನೂ ಬಾಚಣಿಗೆಯನ್ನೂ ಅದರೊಳಕ್ಕೆ ತಂದಳಲ್ಲ, ಕಣ್ಣು ಮಿಟುಕಿಸಲಿಲ್ಲ, ಗಂಟಲು ಸರಿಮಾಡಿಕೊಳ್ಳಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದಂತೆ ಆ ಸುಳ್ಳು ಬಂತು. ಕಲಿತ ಕೈ ಅದು. ಎಲ್ಲಿ ಕಲಿತಳು?

ವಾಪಸು ಬರುವಾಗ ಅವಳು ಕೀಗಾಗಿ ಕೈ ಚಾಚಿದಳು. ಅವನು ಕೊಟ್ಟು ಪಕ್ಕದಲ್ಲಿ ಕೂತ. ಮಧ್ಯಾಹ್ನದ ಬಿಸಿಲಿಗೆ ಸೀಟು ಕಾದಿತ್ತು. ರೇಡಿಯೋವನ್ನು ಅವಳು ಮುಟ್ಟಲಿಲ್ಲ.

"ಯಾಕೆ ಹಾಗೆ ಹೇಳ್ದೆ?" ಎಂದ.

"ಮತ್ತೇನು ಹೇಳ್ಬೇಕಿತ್ತು?"

"ನನಗೋಸ್ಕರ ಸುಳ್ಳು ಹೇಳ್ಬೇಕಿರಲಿಲ್ಲ."

"ನಿಮಗೋಸ್ಕರ ಅಲ್ಲ ರೀ. ನನಗೋಸ್ಕರ." ಅವಳು ಗೇರು ಬದಲಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವು ಕೂಡ ಇರಲಿಲ್ಲ. "ನನ್ನ ಗಂಡ ಇಂಥ ಕೆಲಸ ಮಾಡಿದ್ದಾನೆ ಅಂತ ಅಪ್ಪನ ಮುಂದೆ ನಿಂತು ಹೇಗೆ ಹೇಳ್ಲಿ?"

"ನೀನು ನನ್ನನ್ನ ಕೇಳ್ಬಹುದಿತ್ತು. ಮೊದಲೇ. ಅವನ ಹತ್ರ ಹೋಗೋ ಬದಲು."

"ಕೇಳಿದ್ನಲ್ಲ. ಮೂರು ಸಲ." ಒಂದು ಬಸ್ಸು ದಾಟಿ ಹೋಗಲೆಂದು ಕಾರನ್ನು ಬದಿಗೆ ಸರಿಸಿದಳು. "ಅವರ ಹತ್ರ ನಾನೇನೂ ಹೋಗ್ಲಿಲ್ಲ. ಇಂಜಿನ್ ಆಫ್ ಮಾಡೋವಾಗ ಗೊರಗೊರ ಕೇಳಿಸ್ತು ಅವರಿಗೆ. ಇದೇನಕ್ಕಾ ಹೀಗೆ, ತಾಳಿ, ನನ್ನ ಡ್ರಾಯರಲ್ಲಿ ಒಂದಿದೆ ಅಂದ್ರು. ಅಷ್ಟೇ. ಕಾಗದ ಬೇಕು ಅಂದ್ರು, ಕೊಟ್ಟೆ. ಅದರಲ್ಲಿ ಇನ್ನೇನು ಹುಡುಕಿದ್ರಿ ನೀವು?"

ಅವಳು ಷಡ್ಡಕನ ಬಗ್ಗೆ ಮಾತಾಡುವಾಗ ಆ ದನಿಯಲ್ಲಿ ಡ್ರಾಯರಿನ ಬಗ್ಗೆ ಮಾತಾಡುವಷ್ಟೇ ಭಾವವಿತ್ತು. ಅಲ್ಲಿ ಏನೂ ಇರಲಿಲ್ಲ. ಅದು ಅವನಿಗೆ ಮೊದಲಿನಿಂದ ಗೊತ್ತಿತ್ತು. ಆದರೆ ಅಲ್ಲಿ ಏನೂ ಇಲ್ಲವೆಂದ ಮಾತ್ರಕ್ಕೆ ಇಲ್ಲಿ, ತಮ್ಮಿಬ್ಬರ ನಡುವೆ, ಏನೋ ಇದೆ ಎಂದಾಗುವುದಿಲ್ಲ ಎನ್ನುವುದು ಮಾತ್ರ ಈಗ, ಈ ಕಾದ ಸೀಟಿನ ಮೇಲೆ, ಹೊಳೆಯಿತು.

ಮನೆಗೆ ಬಂದು ಅವಳು ಒಳಗೆ ಹೋದಳು. ಅವನು ಹಳೆಯ ಚಾರ್ಜರಿನ ವೈರೊಂದನ್ನು ಹುಡುಕಿ ತಂದು, ಹಲ್ಲಿನಿಂದ ಹೊದಿಕೆ ಸುಲಿದು, ಒಳಗಿನ ತಾಮ್ರದ ಎಳೆಗಳನ್ನು ಬಿಡಿಸಿದ. ಗಿಡ್ಡವನ್ನು ಬಿಚ್ಚಿ ಟೇಪನ್ನು ಕಿತ್ತ. ಕಿತ್ತಷ್ಟೂ ಬಂತು, ಇಷ್ಟೊಂದು ಸುತ್ತಿದ್ದೆನೇ ಎಂದು ನಾಚಿಕೆಯಾಗುವಷ್ಟು. ತಿರುಪಿನ ಸಂದಿಗಳಲ್ಲಿ ತಾಮ್ರದ ಎಳೆಯನ್ನು ಒಂದು ಸುತ್ತೂ ಇನ್ನೊಂದರ ಮೇಲೇರದಂತೆ ಕೂರಿಸಿ, ಗಿಡ್ಡವನ್ನು ಮತ್ತೆ ತಿರುಗಿಸಿ ಬಿಗಿದ. ಬೇಕೆಂದಿದ್ದರೆ ಈ ಕೆಲಸವನ್ನು ಅವನು ಎಂದೋ ಮಾಡಬಹುದಿತ್ತು. ಷಡ್ಡಕನಿಗಿಂತ, ಕಂಪನಿಯವರಿಗಿಂತ ಅಚ್ಚುಕಟ್ಟಾ‍ಗಿ. ಬಿಸಿಲು ಇಳಿದಿತ್ತು. ಕಾರಿನೊಳಗೆ ಅವಳ ಸೀಟಿನಲ್ಲಿ ಕೂತ. ಅವಳ ಅಳತೆಗೆ ಮುಂದೆ ಸರಿಸಿದ್ದ ಸೀಟು, ಮೊಣಕಾಲು ಸ್ಟೀರಿಂಗಿಗೆ ತಾಗಿತು. ಕನ್ನಡಿಯಲ್ಲಿ ಅವನ ಮುಖದ ಬದಲು ಅಂಗಿಯ ಗುಂಡಿಗಳು ಕಂಡವು. ರೇಡಿಯೋ ಹಾಕಿದ.

ಹಾಡು ಬಂತು. ನೀರಿನ ಹಾಗೆ ಎಂದಿದ್ದಳು, ಹಾಗೇ ಬಂತು. ಹಾಡು ಮುಗಿದು ಒಬ್ಬ ನಿರೂಪಕ, ಯಾರೋ ಒಬ್ಬ ಅಜ್ಜಿ ಫೋನಿನಲ್ಲಿ ತನ್ನ ಬೆಕ್ಕು ಮನೆಗೆ ಮರಳಿದ ಸುದ್ದಿ ಹೇಳಿದ್ದನ್ನು ಕೇಳಿಸಿಕೊಂಡು, "ಹೌದಾ ಅಜ್ಜಿ? ಆಮೇಲೆ?" ಎಂದ. "ಆಮೇಲೆ?" ಎಂದ ಮತ್ತೆ. ಅಷ್ಟೇ ಅವನ ಕೆಲಸ. ಆ ಬೆಕ್ಕು ಯಾಕೆ ಹೋಯಿತು, ಬೆಕ್ಕುಗಳು ದಾರಿ ಹೇಗೆ ಗುರುತಿಸುತ್ತವೆ, ಒಂದನ್ನೂ ಅವನು ಹೇಳಲಿಲ್ಲ. ಪ್ರತಿ ಸಂಜೆ ಅವಳು ಕೇಳಿಸಿಕೊಂಡು ಬರುತ್ತಿದ್ದದ್ದು ಈ ದನಿಯನ್ನು. ಮುಖ ಕಾಣದ ಆ ಮನುಷ್ಯನ ಮೇಲೂ ಅವನಿಗೆ ಸಣ್ಣಗೆ ಹೊಟ್ಟೆ ಉರಿಯಿತು. ಆ ಉರಿಗೆ ತನಗೇ ನಗು ಬಂತು.

ಬಾಗಿಲ ಸದ್ದಾಯಿತು. ಒಗೆದ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಅವಳು ಹೊರಗೆ ಬಂದಳು. ಇನ್ನೊಂದು ಹಾಡು ಶುರುವಾಗಿತ್ತು. ಅವನು ಆರಿಸಲಿಲ್ಲ, ಇಳಿಯಲಿಲ್ಲ, ಏನು ಮಾಡಿದೆನೆಂದು ಹೇಳಲೂ ಇಲ್ಲ. ನಾಲಗೆಯ ತುದಿಯವರೆಗೆ ಬಂದ ತಾಮ್ರದ ವಿಷಯವನ್ನು ನುಂಗಿಕೊಂಡ. ಅವಳು ಕಾರಿನ ಪಕ್ಕ ನಿಂತಳು. ಒದ್ದೆ ಬಟ್ಟೆಯ ವಾಸನೆ ಕಿಟಕಿಯಿಂದ ಒಳಬಂತು. ಒಂದು ಪಲ್ಲವಿ ಮುಗಿಯುವವರೆಗೆ, ತಲೆ ತುಸು ಓರೆ ಮಾಡಿ ಕೇಳಿದಳು.

"ಚೆನ್ನಾಗಿದೆ," ಎಂದಳು.

ಮತ್ತೆ ತಂತಿಯ ಕಡೆ ನಡೆದು ಬಟ್ಟೆ ಒಣಹಾಕತೊಡಗಿದಳು. ಅವನು ಸೀಟಿನಲ್ಲಿ ಕೂತೇ ಇದ್ದ. ಎರಡು 'ಚೆನ್ನಾಗಿದೆ'ಗಳನ್ನು ಮನಸ್ಸಿನಲ್ಲಿ ಅಕ್ಕಪಕ್ಕ ಇಟ್ಟುಕೊಂಡ: ಮಧ್ಯಾಹ್ನ ಮಾವನ ಮನೆಯ ಗೇಟಿನಲ್ಲಿ ಅವಳು ಹೇಳಿದ್ದು, ಈಗ ಹೇಳಿದ್ದು. ಮೊದಲನೆಯದು ಸುಳ್ಳು ಎನ್ನುವುದು ಅವನಿಗೆ ಗೊತ್ತಿತ್ತು. ಒಂದನ್ನು ಕೇಳಿದ, ಇನ್ನೊಂದನ್ನು ಕೇಳಿದ, ಮತ್ತೆ ಮೊದಲಿನಿಂದ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯಬಲ್ಲವನೆಂದು ಸಂಬಳ ಎಣಿಸುವ ಅವನಿಗೆ ಎಷ್ಟು ಹೊತ್ತು ಕೂತರೂ ಆ ಎರಡರ ನಡುವೆ ಒಂದಿಷ್ಟೂ ವ್ಯತ್ಯಾಸ ಕೇಳಿಸಲಿಲ್ಲ.